ಮಮ್ಮಿ ಓಡಿದ ಸೇತುವೆ

ಆ ದಿನಗಳಲ್ಲಿ ಜುಲೈ ಬಂತೆಂದರೆ ಬಹರೈನಿನ ಮನಾಮದಲ್ಲಿದ್ದ ನಮ್ಮ ಕಟ್ಟಡ ಅರ್ಧಕ್ಕರ್ಧ ಖಾಲಿಯಾಗುತ್ತಿತ್ತು. ಶಾಲೆಗೆ ರಜೆ ಸಿಕ್ಕಿದ್ದೇ ತಡ, ಹೆಂಗಸರು ಮಕ್ಕಳೆಲ್ಲ ಪೆಟ್ಟಿಗೆ ಕಟ್ಟಿ ಮಂಗಳೂರಿಗೋ ಉಡುಪಿಗೋ ಹೊರಟುಬಿಡುತ್ತಿದ್ದರು. ಉಳಿದವರ ಪಾಲಿಗೆ ಗೊರಗೊರ ಅನ್ನುವ ಏಸಿ, ಮೆಟ್ಟಿಲ ತುಂಬ ಒಣಮೀನು ಹುರಿದ ವಾಸನೆ, ಸಂಜೆ ಕಿಟಕಿ ತೆರೆದರೆ ಮುಖಕ್ಕೆ ಅಂಟುವ ಸಮುದ್ರದ ಒದ್ದೆ ಸೆಕೆ. ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ಹಾಗೆ ಉಳಿದವರು ಪಪ್ಪ ಮತ್ತು ನಾನು. ನನಗೆ ಆಗ ಹತ್ತು ವರ್ಷ. ಮಮ್ಮಿ ನನ್ನ ತಂಗಿ ಸುನಿಯನ್ನು ಕರೆದುಕೊಂಡು ಜರ್ಮನಿಗೆ ಹೋಗಿದ್ದಳು.

ಪ್ರವಾಸಕ್ಕಲ್ಲ, ಬಾಣಂತನಕ್ಕೆ. ಮಮ್ಮಿಯ ತಂಗಿ ಲಿಲ್ಲಿ ಮಾವ್ಶಿ ಅಲ್ಲಿ ನರ್ಸ್ ಆಗಿದ್ದರು. ಅವರಿಗೆ ಚೊಚ್ಚಲ ಹೆರಿಗೆ. ಊರಿನಲ್ಲಿದ್ದ ಅಜ್ಜಿ ಏನು ಮಾಡಿದರೂ ವಿಮಾನ ಹತ್ತಲು ಒಪ್ಪಲಿಲ್ಲ. ಕೊನೆಗೆ ಓಮ, ಕಾಳುಮೆಣಸು, ತೆಂಗಿನೆಣ್ಣೆ ಎಲ್ಲ ಕಟ್ಟಿಕೊಂಡು ಮಮ್ಮಿಯೇ ಹೊರಟಳು. ಇಬ್ಬರು ಮಕ್ಕಳನ್ನು ಜೊತೆಗಿಟ್ಟುಕೊಂಡು ಬಾಣಂತನ ಮಾಡುವುದು ಆಗದ ಮಾತು. ಸುನಿಗೆ ಆರು ವರ್ಷ, ಅಮ್ಮನನ್ನು ಬಿಟ್ಟು ಮಲಗುವವಳಲ್ಲ.

"ನೀನು ದೊಡ್ಡವಳಲ್ವಾ? ಪಪ್ಪನನ್ನು ನೋಡ್ಕೊಳ್ಲಿಕ್ಕೆ ಯಾರಾದ್ರೂ ಬೇಕಲ್ಲ," ಎಂದಳು ಮಮ್ಮಿ.

ಈ 'ದೊಡ್ಡವಳು' ಎಂಬ ಬಿರುದು ಸುನಿ ಹುಟ್ಟಿದ ದಿನವೇ ನನಗೆ ಸಿಕ್ಕಿತ್ತು. ಅದರಿಂದ ಒಂದು ಚಾಕಲೇಟಾದರೂ ಹೆಚ್ಚಿಗೆ ಸಿಕ್ಕಿದ ನೆನಪು ನನಗಿಲ್ಲ. ಪಪ್ಪನಿಗೆ ಸಿತ್ರಾದ ರಿಫೈನರಿಯಲ್ಲಿ ಶಿಫ್ಟ್ ಕೆಲಸ. ಅವರು ಕಂಪನಿ ಬಸ್ಸು ಹತ್ತಿದರೆ ನಾನು ಕೆಳಗಿನ ಮನೆಯ ಜುಬೈದಾ ಆಂಟಿಯ ಹತ್ತಿರ. ಪಪ್ಪ ಮನೆಯಲ್ಲಿದ್ದರೆ ನೀರು ನೀರಾದ ದಾಲ್, ಬೇಕರಿಯ ಬಿಸಿ ಖುಬೂಸ್ ರೊಟ್ಟಿ. ನೋಡಿಕೊಂಡವರು ಯಾರು, ನೋಡಿಸಿಕೊಂಡವರು ಯಾರು ಎಂದು ಹೇಳುವುದು ಕಷ್ಟ.

ಆಗಸ್ಟ್ ಮುಗಿಯುವಾಗ ಇಬ್ಬರೂ ಬಂದರು. ಸುನಿಯ ಕೆನ್ನೆ ಬನ್ನಿನ ಹಾಗೆ ಉಬ್ಬಿತ್ತು. ನೀರು ಕುಡಿದರೂ "ಜರ್ಮನಿಯಲ್ಲಿ" ಎಂದೇ ಶುರುಮಾಡುತ್ತಿದ್ದಳು. ಮಧ್ಯಾಹ್ನ ಊಟವಾಗಿ ಮಮ್ಮಿ ಮಲಗಿದ ಮೇಲೆ, ಪರದೆ ಎಳೆದ ಕೋಣೆಯಲ್ಲಿ ನಾವಿಬ್ಬರೂ ಚಾಪೆಯ ಮೇಲೆ ಉರುಳಿಕೊಂಡು ಪಿಸುಪಿಸು ಮಾತಾಡುತ್ತಿದ್ದೆವು. ಹೈಡೆಲ್‌ಬರ್ಗ್ ಎಂಬ ಊರಿನ ಕಥೆ ಹೊರಬಿದ್ದದ್ದು ಅಲ್ಲೇ.

"ಬಾಣಂತನ ಮುಗೀತಲ್ಲ, ಒಂದು ದಿನ ಆ ಹಳೇ ಊರು ನೋಡಿ ಬನ್ನಿ ಅಂತ ಮಾವ್ಶಿ ಹೇಳಿದ್ರು."

"ಮಾವ್ಶಿ ಬರ್ಲಿಲ್ವಾ?"

"ಪಾಪು ಉಂಟಲ್ಲ ಅಕ್ಕಾ. ನಾನು ಮಮ್ಮಿ ಇಬ್ರೇ."

ಇಬ್ರೇ! ನನ್ನ ಹೊಟ್ಟೆ ಉರಿದುಹೋಯಿತು. ನಾನೂ ಮಮ್ಮಿಯೂ ಇಬ್ಬರೇ ಎಲ್ಲಿಗಾದರೂ ಹೋದದ್ದಿದೆಯೇ ಎಂದು ಯೋಚಿಸಿದೆ. ಹಲ್ಲಿನ ಡಾಕ್ಟರ ಬಳಿಗೆ ಹೋದಾಗಲೂ ಸುನಿ ಅವಳ ಸೊಂಟದ ಮೇಲಿದ್ದಳು.

ಬಹರೈನಿನ ಬೇಸಿಗೆಯಲ್ಲಿ ಪಳಗಿದ ನಮ್ಮ ಮಮ್ಮಿಗೆ ಒಂದೇ ನಿಯಮ. ಹೊರಗಿನ ಕೆಲಸವೆಲ್ಲ ಬಿಸಿಲೇರುವ ಮೊದಲೇ ಮುಗಿಯಬೇಕು, ಆಮೇಲೆ ಹೊರಗೆ ತಲೆ ಹಾಕಬಾರದು. ಆ ನಿಯಮವನ್ನೂ ಓಮದ ಜೊತೆಗೇ ಜರ್ಮನಿಗೆ ಕಟ್ಟಿಕೊಂಡು ಹೋಗಿದ್ದಳು. ಅಲ್ಲಿ ಜನ ಬಿಸಿಲಿಗೇ ಕಾಯುವುದು ಎಂದು ಮಾವ್ಶಿ ಎಷ್ಟು ಹೇಳಿದರೂ ಕೇಳಲಿಲ್ಲವಂತೆ. "ಬೇಸಿಗೆ ಅಂದ್ರೆ ಬೇಸಿಗೆಯೇ," ಎಂದು ನಸುಕಿನಲ್ಲಿ ಸುನಿಯನ್ನು ಎಬ್ಬಿಸಿ, ಕೊಡೆ, ನೀರಿನ ಬಾಟಲಿ, ಒದ್ದೆ ಟವೆಲು, ಸುತ್ತಿದ ಚಪಾತಿ ಎಲ್ಲ ಚೀಲಕ್ಕೆ ತುಂಬಿಸಿ ಮೊದಲ ರೈಲು ಹತ್ತಿದಳು.

ಊರಿನ್ನೂ ಮಲಗಿತ್ತು. ಅಂಗಡಿಗಳ ಬಾಗಿಲು ಹಾಕಿತ್ತು, ಹೋಟೆಲುಗಳ ಮುಂದೆ ಕುರ್ಚಿಗಳು ಮೇಜಿನ ಮೇಲೆ ಕವುಚಿ ಕೂತಿದ್ದವು. ಕಲ್ಲು ಹಾಸಿದ ಉದ್ದನೆಯ ಬೀದಿಯಲ್ಲಿ ಇವರಿಬ್ಬರ ಚಪ್ಪಲಿಯ ಸದ್ದು, ಎಲ್ಲಿಂದಲೋ ಬ್ರೆಡ್ ಬೇಯುವ ವಾಸನೆ. ಇಲ್ಲದ ಬಿಸಿಲಿಗೆ ಮಮ್ಮಿ ಕೊಡೆ ಬಿಡಿಸಿದ್ದಳು. ನಡೆದು ನಡೆದು ನದಿಯ ಹತ್ತಿರ ಬಂದರೆ ಹಳೆಯ ಕಲ್ಲಿನ ಸೇತುವೆ, ಅದರ ಬುಡದಲ್ಲೊಂದು ಲೋಹದ ಮಂಗ. ಆ ಮಂಗನ ತಲೆ ಪೊಳ್ಳು. ಸುನಿ ಅದರೊಳಗೆ ತನ್ನ ತಲೆ ತೂರಿಸಿದಳಂತೆ.

"ವ್ಯತ್ಯಾಸ ಗೊತ್ತಾಗ್ಲಿಕ್ಕಿಲ್ಲ," ಎಂದೆ ನಾನು. "ಮತ್ತೆ?"

"ಮತ್ತೆ ಸೇತುವೆ ಮೇಲೆ ಯಾರೂ ಇರ್ಲಿಲ್ಲ. ಮಮ್ಮಿ ಆಚೆ ಈಚೆ ನೋಡಿದ್ಲು. ಸೀರೆ ಎತ್ತಿ ಹಿಡ್ಕೊಂಡು, ನನ್ನನ್ನು ಹಿಡಿ ನೋಡುವಾ ಅಂತ ಓಡಿದ್ಲು."

"ಸುಳ್ಳು!"

"ದೇವರಾಣೆ ಅಕ್ಕಾ. ಜೋರು ನಗಾಡ್ತಾ ಓಡಿದ್ಲು. ನಂಗೆ ಹಿಡೀಲಿಕ್ಕೇ ಆಗ್ಲಿಲ್ಲ."

ಆಮೇಲೆ ಗುಡ್ಡ ಹತ್ತಿ ಕೋಟೆಯವರೆಗೆ ಹೋದರು. ಕೋಟೆಯ ಬಾಗಿಲು ತೆರೆದಿರಲಿಲ್ಲ. ಹೊರಗಿನಿಂದಲೇ ನೋಡಿ, ಮೆಟ್ಟಿಲ ಮೇಲೆ ಚಪಾತಿ ತಿಂದು, ಸ್ವಲ್ಪ ಬಿಸಿಲು ಬಂದದ್ದೇ ಕೆಳಗಿಳಿದು ಒಂದು ಇಗರ್ಜಿಯ ಬೆಂಚಿನಲ್ಲಿ ಒರಗಿ ನಿದ್ದೆ ಮಾಡಿದರು. ಊರು ನೋಡಲು ಜನ ಬಂದು ಇಳಿಯುವಾಗ ಇವರು ನೋಡಿ ಮುಗಿಸಿ ವಾಪಸು ರೈಲಿನಲ್ಲಿದ್ದರು.

ಇದನ್ನು ಕೇಳಿ ಪಪ್ಪ ಬಿದ್ದು ಬಿದ್ದು ನಕ್ಕರು. "ಅಷ್ಟು ದೂರ ಹೋಗಿ ಬೀಗ ನೋಡಿ ಬಂದಿದ್ದಾಳೆ ಮಾರಾಯ್ತಿ!" ನನಗೆ ಮಾತ್ರ ನಗು ಬರಲಿಲ್ಲ. ಮಮ್ಮಿ ಓಡುವುದನ್ನು ನಾನು ಕಂಡೇ ಇರಲಿಲ್ಲ. ಅವಳಿಗೆ ಓಡಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ಸುನಿಯ ವಿಚಾರಣೆ. ಯಾವ ಸೀರೆ? ನೀಲಿಯದ್ದು. ನಿನ್ನ ಯಾವ ಕೈ ಹಿಡಿದಿದ್ದಳು? ಅಲ್ಲಿ ನನ್ನ ಹೆಸರು ಹೇಳಿದಳಾ? ಸುನಿಗೆ ಬೇಜಾರು ಬಂದು ಆಕಳಿಸಿದರೆ ಅವಳು ತಂದುಕೊಟ್ಟ ಚಾಕಲೇಟನ್ನೇ ಅವಳಿಗೆ ಲಂಚ ಕೊಡುತ್ತಿದ್ದೆ. ಕೇಳಿದಷ್ಟೂ ಉರಿ ಹೆಚ್ಚುತ್ತಿತ್ತು, ಆದರೂ ಒಣಗುವ ಗಾಯವನ್ನು ಕೆರೆದುಕೊಂಡ ಹಾಗೆ ಮತ್ತೆ ಮತ್ತೆ ಕೇಳುತ್ತಿದ್ದೆ.

ಒಂದು ಶುಕ್ರವಾರ ಸಂಜೆ ಎಲ್ಲರೂ ಸಮುದ್ರದ ಬದಿಗೆ ಹೋದೆವು. ಪಪ್ಪ ಸುನಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕಡಲೆಕಾಯಿ ಕೊಳ್ಳಲು ಹೋದರು. ಮಮ್ಮಿಯೂ ನಾನೂ ಇಬ್ಬರೇ.

"ಮಮ್ಮೀ, ನನ್ನನ್ನು ಹಿಡಿ ನೋಡುವಾ!" ಎಂದು ಕೂಗಿ ಓಡಿದೆ. ಸಾಕಷ್ಟು ದೂರ ಓಡಿ ತಿರುಗಿ ನೋಡಿದರೆ ಮಮ್ಮಿ ಸೆರಗು ಹೊದ್ದು ನಿಂತಲ್ಲೇ ನಿಂತಿದ್ದಳು.

"ಎಂತ ಹುಚ್ಚಾಟ ಇದು? ಜನ ನೋಡ್ತಾರೆ. ಬಾ ಇಲ್ಲಿ. ದೊಡ್ಡವಳಾದಿ ನೀನು."

ಸುತ್ತ ಚಾಪೆ ಹಾಸಿಕೊಂಡು ಕೂತ ಸಂಸಾರಗಳಿದ್ದವು, ನಮ್ಮ ಕಟ್ಟಡದವರೂ ಇದ್ದರು. ನಾನು ನಡೆದುಕೊಂಡು ವಾಪಸು ಬಂದೆ. ಆ ಸಂಜೆ ಸುನಿಯನ್ನು ನಾನು ನಿಜಕ್ಕೂ ದ್ವೇಷಿಸಿದೆ. ಆರು ವರ್ಷದ ಮಗುವನ್ನು ದ್ವೇಷಿಸುವುದುಂಟೇ ಎಂದು ಕೇಳುವವರಿಗೆ ತಂಗಿ ಇರಲಿಕ್ಕಿಲ್ಲ.

ಮನಾಮದ ಆ ಕಟ್ಟಡ ಈಗ ಇಲ್ಲ. ನಾನು ಓಡಿದ ದಂಡೆಯಿಂದ ಸಮುದ್ರವನ್ನೇ ಆಚೆಗೆ ತಳ್ಳಿ ರಸ್ತೆ ಮಾಡಿದ್ದಾರೆ. ಪಪ್ಪ ಹೋಗಿ ತುಂಬ ಕಾಲವಾಯಿತು. ಕೊನೆಯ ವರ್ಷಗಳಲ್ಲಿ ಗೋಡೆ ಹಿಡಿದೇ ನಡೆಯುತ್ತಿದ್ದ ಮಮ್ಮಿ ಹೋದ ವರ್ಷ ತೀರಿಕೊಂಡಳು. ಇಗರ್ಜಿಯಲ್ಲಿ ತಿಂಗಳ ಪೂಜೆ ಮುಗಿಸಿ ಬಂದ ಮೇಲೆ ನಾನೂ ಸುನಿಯೂ ಅವಳ ಸೀರೆಗಳನ್ನು ಮಡಚುತ್ತಿದ್ದೆವು. ಸುನಿ ಇದ್ದಕ್ಕಿದ್ದ ಹಾಗೆ ಕೇಳಿದಳು.

"ಅಕ್ಕಾ, ಚಿಕ್ಕದಿರುವಾಗ ನಾನು ಜರ್ಮನಿಗೆ ಹೋಗಿದ್ದೆ ಅಲ್ವಾ? ನಂಗೆ ಎಂತದ್ದೂ ನೆನಪಿಲ್ಲ. ಒಂದು ಮಂಗ ಇತ್ತು. ಅಲ್ಲಿ ಮಮ್ಮಿ ಇದ್ಲಾ?"

ನನಗೆ ಸಿಟ್ಟು ನೆತ್ತಿಗೇರಿತು. ನಲವತ್ತು ವರ್ಷ ನಾನು ಹೊಟ್ಟೆಯುರಿದುಕೊಂಡ ಆ ದಿನವನ್ನು ಇವಳು ಎಲ್ಲಿಯೋ ಬೀಳಿಸಿಕೊಂಡು ಬಂದಿದ್ದಳು.

"ಇದ್ಲು," ಎಂದೆ. ಮೊದಲ ರೈಲಿನಿಂದ ಶುರುಮಾಡಿ ಎಲ್ಲ ಹೇಳಿದೆ. ಬೀದಿ, ಕೊಡೆ, ನೀಲಿ ಸೀರೆ, ಮಮ್ಮಿ ಹಿಡಿದಿದ್ದ ಅವಳ ಎಡಗೈ. ಸುನಿ ಬಾಯಿ ತೆರೆದು ಕೇಳುತ್ತಿದ್ದಳು. ಸೇತುವೆಯ ಮಾತು ಬಂದಾಗ, "ಓಡಿದ್ಲಾ? ನನ್ನ ಜೊತೆಗೆ?" ಎಂದು ಸೀರೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ನಾನು ಅವಳ ಬೆನ್ನು ಸವರಿದೆ. ಸವರುತ್ತಿರುವಾಗಲೂ ನನ್ನ ಹೊಟ್ಟೆಯೊಳಗೆ ಅದೇ ಉರಿ. ಅವಳಿಗೆ ಮರೆಯಲಿಕ್ಕಾದರೂ ಒಂದು ಓಟ ಇತ್ತು.