ಕೆಟ್ಟ ಕಾಯಿಲೆ ಅಲ್ಲ

ತಮಿಳುನಾಡಿನ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ ನನಗೆ ಆಗ ಕೆಳಹೊಟ್ಟೆಯ ನೋವಿನಿಂದ ಮಗ್ಗದಲ್ಲಿ ಅರ್ಧ ಗಂಟೆಯೂ ಕೂರಲಾಗುತ್ತಿರಲಿಲ್ಲ. ಮೊದಲು ತೋರಿಸಿದ ಡಾಕ್ಟರು ನನ್ನ ಹೆಂಡತಿ ಸರೋಜಳ ಎದುರೇ, "ಬೇರೆ ಹೆಂಗಸಿನ ಸಹವಾಸ ಉಂಟಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸೂಜಿ ಚುಚ್ಚಿದರು. ಅಂದಿನಿಂದ ಅವಳು ಅಡುಗೆ ಮಾಡಿ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಇಲ್ಲವೆಂದು ಎಷ್ಟು ಸಲ ಆಣೆ ಇಡಲಿ?

ಹೀಗೇ ಎರಡು ವರ್ಷ ಕಳೆಯಿತು. ಕೊಯಮತ್ತೂರಿನಲ್ಲಿ ಒಬ್ಬರು, ಆಪರೇಷನ್ ಮಾಡಿದರೆ ಪೂರ್ತಿ ಗುಣ ಎಂದರು. ಇನ್ನೊಬ್ಬರು ಮೂತ್ರರೋಗದ ಡಾಕ್ಟರು, ವಯಸ್ಸಾದವರು. ನಿಧಾನವಾಗಿ ಪರೀಕ್ಷೆ ಮಾಡಿ, "ಪ್ರಾಸ್ಟೇಟ್ ಗ್ರಂಥಿ ಊದಿದೆ. ಕೊಯ್ಯೋದು ಬೇಡ. ಮಾತ್ರೆ ತಗೊಳ್ಳಿ, ದಿನಾ ಬಿಸಿನೀರಿನಲ್ಲಿ ಕೂತ್ಕೊಳ್ಳಿ. ಕಡಿಮೆಯಾಗುತ್ತೆ, ಪೂರ್ತಿ ಹೋಗುತ್ತೆ ಅಂತ ಹೇಳಲಾರೆ" ಎಂದರು.

ಹೊರಟವನು ಬಾಗಿಲಲ್ಲಿ ನಿಂತೆ. "ಅಯ್ಯಾ, ಇದು ಕೆಟ್ಟ ಸಹವಾಸದಿಂದ ಬಂದದ್ದಾ?"

"ಯಾರು ಹೇಳಿದ್ದು?"

ಹೊರಗೆ ಕೂತಿದ್ದ ಸರೋಜಳನ್ನು ಅವರೇ ಒಳಗೆ ಕರೆಸಿ ತಮಿಳಿನಲ್ಲಿ ಹೇಳಿದರು: "ಅಮ್ಮಾ, ನಿಮ್ಮ ಯಜಮಾನರು ತಪ್ಪು ಮಾಡಿ ತಂದುಕೊಂಡ ಕಾಯಿಲೆಯಲ್ಲ ಇದು."

ಬಸ್ ಸ್ಟ್ಯಾಂಡಿನವರೆಗೂ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಎರಡು ವರ್ಷದಲ್ಲಿ ಒಂದು ಸಲಾನೂ ನೋಯುತ್ತಾ ಅಂತ ನಿಮ್ಮನ್ನ ಕೇಳ್ಲಿಲ್ಲವಲ್ಲ ನಾನು" ಎಂದಳು.

ಪೂರ್ತಿ ಗುಣ ಮಾಡುತ್ತೇನೆಂದವರನ್ನು ಬಿಟ್ಟು ಇವರನ್ನೇ ನೆಚ್ಚಿಕೊಂಡೆ. ನೋವು ಅರ್ಧ ಇಳಿಯಿತು, ಅರ್ಧ ಉಳಿಯಿತು. ಈಗ ಸರೋಜ ದಿನಕ್ಕೆ ಹತ್ತು ಸಲ "ನೋಯುತ್ತಾ?" ಎಂದು ಕೇಳುತ್ತಾಳೆ. ನೋಯುತ್ತಿದ್ದರೂ ಇಲ್ಲವೆನ್ನುತ್ತೇನೆ. ಅದನ್ನೂ ಅವಳು ನಂಬುವುದಿಲ್ಲ.