ದೊಣೆಯ ಹೂಳು

ಗೌನಿಪಲ್ಲಿಯ ಮಾವಿನ ತೋಪುಗಳನ್ನು ದಾಟಿದರೆ ದೊಣೆಬೆಟ್ಟ. ಅದಕ್ಕೆ ಬೆಂಕಿ ಬೀಳದಂತೆ ಕಾಯುವವನು ಚನ್ನರಾಯಪ್ಪ. ತಮಾಷೆ ಕೇಳಿ, ಮೀಸೆ ಮೂಡುವ ವಯಸ್ಸಿನಲ್ಲಿ ಇದೇ ಬೆಟ್ಟಕ್ಕೆ ಬೆಂಕಿ ಇಡುತ್ತಿದ್ದವನೂ ಅವನೇ! ಒಣಹುಲ್ಲು ಸುಟ್ಟರೆ ಮೇಕೆಗಳಿಗೆ ಎಳೆಹುಲ್ಲು ಚಿಗುರುತ್ತದೆಂದು ಊರಿನವರೆಲ್ಲ ಮಾಡುತ್ತಿದ್ದ ಕೆಲಸ ಅದು. ಅರಣ್ಯದವರು ಅವನನ್ನು ಹಿಡಿದರು, ಬೈದರು, ಕೊನೆಗೆ ಕಾವಲನ್ನೂ ಅವನಿಗೇ ಕೊಟ್ಟರು. ಅದಾಗಿ ನಲವತ್ತು ವರ್ಷ ದಾಟಿತು.

ಬೆಟ್ಟದ ಗುಣವೆಲ್ಲ ಅವನಿಗೆ ಬಾಯಿಪಾಠ. ಪಡುವಣ ಮಗ್ಗುಲು ಬರೀ ಬಂಡೆ, ಬೇಸಗೆಯಲ್ಲಿ ಬರಿಗಾಲಿಟ್ಟರೆ ಬೊಬ್ಬೆ ಏಳುತ್ತದೆ. ಆಂಧ್ರದ ಕಡೆಯ ಮೂಡಣ ಮಗ್ಗುಲಿಗೆ ಕಾರ್ತಿಕದ ಮೋಡ ಬಂದು ಒರಗುವುದರಿಂದ ಅಲ್ಲಿ ಎದೆಮಟ್ಟ ಹುಲ್ಲು. ನೆತ್ತಿಯ ಹಾಸುಬಂಡೆಯಲ್ಲಿ ಮಳೆನೀರು ನಿಲ್ಲುವ ಗುಂಡಿಯೇ ದೊಣೆ. ಚಳಿಗಾಲದ ಬೆಳಗ್ಗೆ ತಣ್ಣನೆ ಗಾಳಿ ಬೆಟ್ಟ ಇಳಿಯುತ್ತದೆ. ಬಿಸಿಲೇರಿದ ಮೇಲೆ ಅದೇ ಗಾಳಿ ಬೆಟ್ಟ ಹತ್ತುತ್ತದೆ. ಬೇಸಗೆಯ ಬೆಂಕಿ ದಾಟದಿರಲೆಂದು ಬುಡದಲ್ಲಿ ಒಂದು ಪಟ್ಟೆ ಹುಲ್ಲನ್ನು ಮೊದಲೇ ಸುಟ್ಟು ತೆಗೆಯುತ್ತಾರೆ. ಆ ಕೆಲಸ ಒಂಬತ್ತು ಗಂಟೆಯೊಳಗೆ ಮುಗಿಯಲೇಬೇಕು.

ಅವನ ಹೆಂಡತಿ ವೆಂಕಟರತ್ನಮ್ಮನಿಗೆ ಬೇರೆಯೇ ಹುಚ್ಚು. ಸಂಕ್ರಾಂತಿ ಕಳೆದರೆ ಸಾಕು, ಮೇಕೆ ಹೊಡೆದುಕೊಂಡು ನೆತ್ತಿಗೆ ಹೋಗಿ ದೊಣೆಯ ಹೂಳನ್ನು ಬಾಂಡ್ಲಿಯಲ್ಲಿ ತುಂಬಿ ತುಂಬಿ ಎತ್ತಿಹಾಕುವಳು. “ಬೆಟ್ಟದ ಮೇಲೆ ಕೆರೆ ಕಟ್ಟಿಸ್ತಾಳಂತೆ ನಮ್ ಮಹಾರಾಣಿ!” ಎಂದು ಹೇಳಿ ಅವನು ಊರನ್ನೆಲ್ಲ ನಗಿಸುತ್ತಿದ್ದ.

ಹೋದ ವರ್ಷ ಪಟ್ಟೆ ಸುಡುವ ದಿನ ಅವಳಿಗೆ ಬೆಟ್ಟಕ್ಕೆ ಹೋಗಬೇಡವೆಂದು ಹೇಳಿಯೇ ಬಂದಿದ್ದ. ಒಂಬತ್ತು ದಾಟಿತು, ಇನ್ನೂ ಹತ್ತು ಮಾರು ಉಳಿದಿತ್ತು.

“ಹೊತ್ತೇರ್ತು ಕಣಣ್ಣೋ, ನಾಳೆ ನೋಡ್ಕೊಳ್ಳೋಣ,” ಎಂದ ಜೊತೆಗಾರ ಮುನಿಯಲ್ಲಪ್ಪ.

“ಲೇ, ಈ ಬೆಟ್ಟದ ಗಾಳಿ ನಂಗೇ ಹೇಳ್ಕೊಡ್ತೀಯೇನ್ಲಾ?” ಎಂದವನೇ ಚನ್ನರಾಯಪ್ಪ ಕಡ್ಡಿ ಗೀರಿದ.

ಗಾಳಿ ತಿರುಗಿತು. ಸೊಪ್ಪಿನ ಕೊಂಬೆಯಿಂದ ಎಷ್ಟು ಬಡಿದರೂ ಬಗ್ಗದೆ ಬೆಂಕಿ ಎದೆಮಟ್ಟದ ಹುಲ್ಲಿಗೆ ಹಾರಿ ಚಟಚಟನೆ ಮೇಲೇರಿತು. ಆಗಲೇ ಮೇಲಿನಿಂದ ಮೇಕೆಯ ಗಂಟೆ ಕೇಳಿಸಿದ್ದು. ಆ ಗಂಟೆಯನ್ನು ಅವನೇ ಮುಳಬಾಗಿಲಿನ ಸಂತೆಯಲ್ಲಿ ಕೊಂಡು ತಂದು ಕಟ್ಟಿದ್ದ.

“ಅಯ್ಯಯ್ಯೋ, ನಮ್ಮೋಳು ಕಣೋ!”

ಮುನಿಯಲ್ಲಪ್ಪನನ್ನು ಬೆಂಕಿಯ ಹತ್ತಿರ ಬಿಟ್ಟು ಅವನು ಬಂಡೆಯ ಮಗ್ಗುಲಿಗೆ ಓಡಿದ. ಅರವತ್ತು ದಾಟಿದವನು ಕುರುಡುಮಲೆ ಗಣಪನಿಗೆ ಹರಕೆ ಹೊರುತ್ತ, ತನ್ನ ಕೈಗೆ ತಾನೇ ಶಾಪ ಹಾಕುತ್ತ ಅಂಬೆಗಾಲಲ್ಲಿ ಬಂಡೆ ಹತ್ತಿದ. ನೆತ್ತಿಯ ತುಂಬ ಹೊಗೆ. ಕೂಗಿದರೆ ಉತ್ತರವಿಲ್ಲ. ಗಂಟೆಯೂ ನಿಂತುಹೋಗಿತ್ತು.

ಹೊಗೆ ಸ್ವಲ್ಪ ಸರಿದಾಗ ದೊಣೆಯ ಅಂಚಿನಲ್ಲಿ ಒಂದು ಒದ್ದೆ ಕಂಬಳಿ ಅಲುಗಾಡಿತು. ಅದರೊಳಗಿಂದ ಮೊದಲು ಮೇಕೆಯ ಮುಖ, ಆಮೇಲೆ ರತ್ನಮ್ಮನ ಮುಖ. ಬಂಡೆಯ ಮೇಲೆ ಬೆಂಕಿ ಬರುವುದಿಲ್ಲ, ಹೊಗೆಯೊಂದೇ ಕೊಲ್ಲುವುದು ಎಂದು ಅವಳಿಗೂ ಗೊತ್ತಿತ್ತು. ವರ್ಷವರ್ಷವೂ ಹೂಳೆತ್ತಿದ್ದರಿಂದ ಸೊಂಟಮಟ್ಟ ನೀರಿದ್ದ ದೊಣೆಯಲ್ಲಿ ಕಂಬಳಿಯನ್ನು ಮತ್ತೆ ಮತ್ತೆ ಅದ್ದಿ ಹೊದ್ದು ಕೂತಿದ್ದಳು.

ಸಿಟ್ಟು ಬಂದರೆ ಅವಳಿಗೆ ತೆಲುಗೇ ಬರುವುದು. “ನುವ್ವೇನಾ ಅಂಟಿಂಚಿಂದಿ?” ಬೆಂಕಿ ಹಚ್ಚಿದವನು ನೀನೇನಾ ಎಂದು ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ. “ಹೋಗ್ಬೇಡ ಅಂದಿದ್ನಲ್ಲೇ!” ಎಂದು ಗದರಲು ಹೋಗಿ, ಬಂಡೆಯ ಮೇಲೆ ಕುಸಿದು ಗೊಳೋ ಎಂದು ಅತ್ತ. ಹೋದ ಜೀವ ಬಂದಂತಾಗಿತ್ತು. ಅವಳು ಬೈಯುತ್ತಲೇ ಕಂಬಳಿಯ ಒದ್ದೆ ತುದಿಯಿಂದ ಅವನ ಮುಖದ ಮಸಿ ಒರೆಸಿದಳು.

ತಪ್ಪು ತನ್ನದೇ ಎಂದು ಅವನು ರೇಂಜರ್ ಸಾಹೇಬರ ಮುಂದೆ ಒಪ್ಪಿಕೊಂಡ. ಬೈಗುಳ ಬಿತ್ತು, ಕೆಲಸ ಉಳಿಯಿತು.

ಈ ವರ್ಷ ಸಂಕ್ರಾಂತಿಯ ಮಾರನೆಯ ದಿನ ಬಾಂಡ್ಲಿ ಅವನ ತಲೆಯ ಮೇಲಿತ್ತು. ರತ್ನಮ್ಮ ಬಂಡೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, “ಆ ಮೂಲೇಲಿ ಇನ್ನೂ ಐತೆ ನೋಡಯ್ಯಾ,” ಎಂದಳು.

“ಆಗ್ಲಿ, ಮಹಾರಾಣಿ,” ಎಂದು ಅವನು ಮತ್ತೆ ದೊಣೆಗಿಳಿದ.