ಕಂಬದ ಬುಡ ಕಾದವನು

ಮದ್ದೂರಿನ ಲೈನ್ ಮೇಸ್ತ್ರಿ ದೊಡ್ಡಸಿದ್ದಯ್ಯ ಹುಟ್ಟಿದ್ದು ಮಳವಳ್ಳಿ ಕಡೆಯ ಒಂದು ಒಕ್ಕಲು ಮನೆಯಲ್ಲಿ. ಅಣ್ಣತಮ್ಮಂದಿರು ನೇಗಿಲು ಹಿಡಿದರೆ ಇವನು ಹರೆಯದಲ್ಲೇ ಶಿವನಸಮುದ್ರಕ್ಕೆ ಹೋಗಿ ತಂತಿಯ ಸುರುಳಿ ಹೊತ್ತ, ಹೊರುತ್ತ ಹೊರುತ್ತಲೇ ಕಂಬ ಹತ್ತುವುದನ್ನೂ ಕಲಿತ. ಊರಿನವರು ‘ಕಂಬದ ಸಿದ್ದ’ ಎಂದು ಆಡಿಕೊಂಡರು. ಹೆಣ್ಣು ಕೊಡುವುದಕ್ಕೂ ಹಿಂದೆಮುಂದೆ ನೋಡಿದರು. ಇವತ್ತು ಹತ್ತಿದವನು ನಾಳೆ ಇಳಿಯುತ್ತಾನೋ ಇಲ್ಲವೋ, ಯಾರು ಕಂಡಿದ್ದಾರೆ? ಕೊನೆಗೆ ಬೆಟ್ಟಮ್ಮನ ಅಪ್ಪ ಧೈರ್ಯ ಮಾಡಿದ. ಆ ಧೈರ್ಯಕ್ಕೆ ಮೋಸವಾಗಲಿಲ್ಲ. ಮದುವೆಯಾಗಿ ಎಷ್ಟೋ ವರ್ಷವಾದರೂ ದೊಡ್ಡಸಿದ್ದಯ್ಯ ಹತ್ತಿದ ಕಂಬವನ್ನೆಲ್ಲ ಇಳಿದು ಮನೆಗೆ ಬಂದಿದ್ದ. ಮಕ್ಕಳಾಗಲಿಲ್ಲ, ಅದೊಂದು ಕೊರಗು ಇಬ್ಬರಿಗೂ ಇತ್ತು.

ಅವನಿದ್ದದ್ದು ಶ್ಯಾಮಣ್ಣ ಎಂಬ ಕಂಟ್ರಾಕ್ಟರ ಕೈಕೆಳಗೆ. ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನ ಅಕ್ಕಿ ಗಿರಣಿಗಳಿಗೂ ಅಂಗಡಿ ಬೀದಿಗಳಿಗೂ ಕಂಬ ನೆಟ್ಟು ತಂತಿ ಎಳೆಯುವ ಗುತ್ತಿಗೆ ಶ್ಯಾಮಣ್ಣನವರದು. ಹೊಸಬರಿಗೆ ಕೆಲಸ ಕಲಿಸುವ ಭಾರ ದೊಡ್ಡಸಿದ್ದಯ್ಯನದು. ಅವನ ಪಾಠ ಕಂಬದ ತುದಿಯಿಂದ ಶುರುವಾಗುತ್ತಿರಲಿಲ್ಲ, ಬುಡದಿಂದ ಶುರುವಾಗುತ್ತಿತ್ತು. ಮೇಲೊಬ್ಬ ತಂತಿ ಮುಟ್ಟಿದ್ದಾನೆ ಎಂದರೆ ಕೆಳಗೊಬ್ಬ ನಿಂತಿರಲೇಬೇಕು. ಫ್ಯೂಸು ಕಿತ್ತು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, ಫ್ಯೂಸಿನ ಪೆಟ್ಟಿಗೆ ಹತ್ತಿರ ನರಪಿಳ್ಳೆಯನ್ನೂ ಬಿಡದೆ, ಮೇಲಿನವನ ಕಾಲು ನೆಲಕ್ಕೆ ತಾಗುವವರೆಗೂ ನಿಂತಿರಬೇಕು. ಬೀಡಿ ಸೇದಬಾರದು, ಕೂರಬಾರದು, ಸ್ವಂತ ಹೆಂಡತಿ ಬಂದು ಕರೆದರೂ ತಿರುಗಬಾರದು. ಇದಕ್ಕೆ ಅವರೊಳಗೆ ‘ಬುಡ ಕಾಯುವುದು’ ಎಂದು ಹೆಸರು. ತಿಂಗಳುಗಟ್ಟಲೆ ಬುಡ ಕಾಯದವನಿಗೆ ಮೇಸ್ತ್ರಿ ಕಂಬ ಮುಟ್ಟಲು ಬಿಡುತ್ತಿರಲಿಲ್ಲ.

ಹಾಗೆ ಕಾದು ಕಾದು ಸೋತು, ಆದರೂ ಬಿಡದೆ ನಿಂತವನು ಚಲುವನಾರಾಯಣ. ಮಂಡ್ಯದ ಅರ್ಚಕರೊಬ್ಬರ ಎರಡನೆಯ ಮಗ. ಗುಡಿಯ ಪೂಜೆ ಅಣ್ಣನ ಪಾಲಿಗೆ ಹೋಗಿತ್ತು. ಇವನು ಮದುವೆಯಾಗಿ, ಹೆಂಡತಿ ಗೋದಾಳನ್ನು ಕರೆದುಕೊಂಡು, ‘ಕುಲಗೆಟ್ಟ ಕೆಲಸ’ ಎಂದು ಅಪ್ಪ ಬೈದರೂ ಕೇಳದೆ ಮದ್ದೂರಿಗೆ ಬಂದು ಮೇಸ್ತ್ರಿಯ ಮುಂದೆ ನಿಂತ. ನೆಲದ ಮೇಲಿರುವಾಗ ಮೇಸ್ತ್ರಿ ಅವನನ್ನು “ಬನ್ನಿ ಅಯ್ನೋರೆ, ಕುಂತ್ಕಳಿ ಅಯ್ನೋರೆ” ಎಂದು ಉಪಚರಿಸುವನು. ಅಯ್ನೋರ ಕಾಲು ಕಂಬದ ಮೇಲೆ ಬಿತ್ತೋ, “ಲೇ ಚಲುವಾ, ಕಣ್ ಎಲ್ಲಿಟ್ಟಿದ್ದೀಯ್ಲಾ!” ಎಂದು ಬೀದಿಗೆಲ್ಲ ಕೇಳುವಂತೆ ಗದರುವನು. ಹುಡುಗರೆಲ್ಲ ನಗುತ್ತಿದ್ದರು, ಚಲುವನಾರಾಯಣನೂ ನಗುತ್ತಿದ್ದ. ಬೆಟ್ಟಮ್ಮ ಮಾತ್ರ ಗಂಡನ ಗದರಿಕೆಯಲ್ಲಿ ಬೇರೆಯೇ ಒಂದು ದನಿ ಕೇಳಿಸಿಕೊಳ್ಳುತ್ತಿದ್ದಳು. ಮಗನಿದ್ದಿದ್ದರೆ ಹೀಗೇ ಬೈಯುತ್ತಿದ್ದ ಎಂದು ಅವಳಿಗೆ ಗೊತ್ತಿತ್ತು.

ಶ್ಯಾಮಣ್ಣನವರು ಕೆಟ್ಟವರಲ್ಲ ಎನ್ನುವವರು ಇದ್ದರು. ಅನ್ನಲಿ, ಅನ್ನುವವರ ಬಾಯಿ ಕಟ್ಟುವುದಕ್ಕೆ ಆಗುತ್ತದೆಯೇ? ಆದರೆ ಒಂದು ದಿನ ಅವರ ತಲೆಗೆ ಹೊಳೆದದ್ದು ಇಷ್ಟು: ಒಬ್ಬ ಮೇಲೆ ದುಡಿಯುವಾಗ ಇನ್ನೊಬ್ಬ ಕೆಳಗೆ ಸುಮ್ಮನೆ ನಿಂತು ಕೂಲಿ ತಿನ್ನುತ್ತಾನೆ. ಅಂದಿನಿಂದ ಒಂದು ಕಂಬಕ್ಕೆ ಒಬ್ಬನೇ ಆಳು ಎಂದು ಅಪ್ಪಣೆಯಾಯಿತು. ಮೇಸ್ತ್ರಿ ಹೋಗಿ ಬೇಡಿಕೊಂಡ, ಆಮೇಲೆ ಜಗಳವಾಡಿದ. ಪ್ರಯೋಜನವಾಗಲಿಲ್ಲ. ಆ ಬೇಸಿಗೆಯಲ್ಲೇ ಮಳವಳ್ಳಿಯಲ್ಲಿ ಶಿವಣ್ಣ ಎಂಬ ಕೆಲಸಗಾರ ಒಬ್ಬನೇ ಕಂಬ ಹತ್ತಿದ. ದೀಪ ಹೋಯಿತೆಂದು ಬೇಸತ್ತ ಯಾರೋ ಅಂಗಡಿಯವನು, ಮೇಲೊಬ್ಬನಿದ್ದಾನೆ ಎಂದೂ ನೋಡದೆ, ಕೆಳಗಿಟ್ಟಿದ್ದ ಫ್ಯೂಸನ್ನು ಪೆಟ್ಟಿಗೆಗೆ ಒತ್ತಿಬಿಟ್ಟ. ಶಿವಣ್ಣನ ಹೆಣ ಇಳಿಸಲು ಮದ್ದೂರಿನಿಂದ ಹೋದವನು ದೊಡ್ಡಸಿದ್ದಯ್ಯನೇ. ಆ ಭಾರ ಅವನ ಹೆಗಲಿನಿಂದ ಕೊನೆಯವರೆಗೂ ಇಳಿಯಲಿಲ್ಲ.

ಆ ವರ್ಷ ಸರ್ಕಾರದ ಅಪ್ಪಣೆ ಮೀರಿ ಶಿವಪುರದಲ್ಲಿ ಸ್ವರಾಜ್ಯದ ಬಾವುಟ ಏರಿತ್ತು. ಸಂಘ, ಸಭೆ ಎಂಬ ಮಾತುಗಳನ್ನು ಜನ ಬಾಯಿಬಿಟ್ಟು ಆಡಲು ಶುರು ಮಾಡಿದ್ದರು. ಮೇಸ್ತ್ರಿಯ ಸರೀಕ ಮಹದೇವಯ್ಯ ಎಂಬ ಕೆಲಸಗಾರ, “ಸಿದ್ದಣ್ಣ, ನಾವೂ ಒಂದ್ ಸಂಗ ಕಟ್ಬುಡವ” ಎಂದ. ಕಟ್ಟಿದರು. ಶಿವಣ್ಣನ ಹೆಂಡತಿ ಪಟ್ಟಲಮ್ಮನ ಮನೆ ಹೊಸ್ತಿಲ ಮುಂದೆ ನಿಂತು ಆಣೆ ಮಾಡಿದರು. ಆಣೆಯ ಮಾತನ್ನು ಮೊದಲು ನುಡಿದವನು ದೊಡ್ಡಸಿದ್ದಯ್ಯ: ಸಂಘ ಕೆಲಸ ನಿಲ್ಲಿಸಿದ ದಿನಗಳಲ್ಲಿ ಕಂಟ್ರಾಕ್ಟರ ಕೆಲಸಕ್ಕೆ ಕೈ ಹಾಕಿದವನು, ಅವನು ಯಾರೇ ಆಗಿರಲಿ, ಸಂಘದಿಂದ ಆಚೆ. ಸತ್ತವನ ಜಾಗದಲ್ಲಿ ಪಟ್ಟಲಮ್ಮನನ್ನೇ ಸಂಘಕ್ಕೆ ಸೇರಿಸಿಕೊಂಡರು. ಚಲುವನಾರಾಯಣನಂತೆ ಇನ್ನೂ ಕಲಿಯುತ್ತಿದ್ದವರನ್ನು ಮಾತ್ರ ಸೇರಿಸಲಿಲ್ಲ. ಕೆಲಸ ಕಾಯಂ ಆಗದವರ ಅನ್ನಕ್ಕೆ ಮಣ್ಣು ಹಾಕುವುದು ಬೇಡವೆಂದು ಮೇಸ್ತ್ರಿಯೇ ತಡೆದಿದ್ದ.

ಸಂಘ ಕೇಳಿದ್ದು ಒಂದೇ: ಪ್ರತಿ ಕಂಬಕ್ಕೂ ಬುಡ ಕಾಯುವ ಆಳು ಬೇಕು. ಶ್ಯಾಮಣ್ಣನವರು ನಕ್ಕರು. ಸುಗ್ಗಿ ಬಂತು. ಹನಕೆರೆಯ ಅಕ್ಕಿ ಗಿರಣಿಗೆ ಹೊಸ ತಂತಿ ಎಳೆದುಕೊಡುವುದಾಗಿ ಅವರು ಮಾತು ಕೊಟ್ಟಿದ್ದರು; ಭತ್ತ ಬಂದು ರಾಶಿ ಬಿದ್ದಿತ್ತು. ಇದೇ ಹೊತ್ತೆಂದು ಸಂಘ ಕೆಲಸ ನಿಲ್ಲಿಸಿತು. ಆ ಒಂದು ಲೈನು ಸುಗ್ಗಿ ಮುಗಿಯುವವರೆಗೆ ನಿಂತರೆ ಕಂಟ್ರಾಕ್ಟರು ಬಗ್ಗಲೇಬೇಕೆಂದು ಎಲ್ಲರಿಗೂ ಗೊತ್ತಿತ್ತು. ಮನೆಮನೆಯಲ್ಲಿ ರಾಗಿ ತಳ ಕಂಡರೂ ಯಾರೂ ಕದಲಲಿಲ್ಲ. ದೊಡ್ಡಸಿದ್ದಯ್ಯನಿಗೆ ಆ ದಿನಗಳಲ್ಲಿ ಹಸಿವೇ ಆಗುತ್ತಿರಲಿಲ್ಲ. ಬದುಕಿನಲ್ಲಿ ತಾನು ಕೈಯಾರೆ ಕಟ್ಟಿದ್ದೆಂದರೆ ಈ ಸಂಘ ಒಂದೇ ಎಂದು ಅವನು ಬೆಟ್ಟಮ್ಮನ ಹತ್ತಿರ ಹೇಳಿಕೊಂಡು ಹಿಗ್ಗುತ್ತಿದ್ದ.

ಆಗ ಸುದ್ದಿ ಬಂತು: ಹನಕೆರೆಯಲ್ಲಿ ತಂತಿ ಏರುತ್ತಿದೆ.

ಸಂಘದವರೆಲ್ಲ ಓಡಿದರು. ರಸ್ತೆಯ ಈಚೆ ನಿಂತು ನೋಡಿದರೆ ಗಿರಣಿಯ ಪಕ್ಕದ ಕಂಬದ ತುದಿಯಲ್ಲಿ ಚಲುವನಾರಾಯಣ! ಹೊಸ ತಂತಿಯನ್ನು ಹಳೆಯದಕ್ಕೆ ಸೇರಿಸುತ್ತಿದ್ದಾನೆ. ಕಂಟ್ರಾಕ್ಟರು ಎಲ್ಲಿಂದಲೋ ಕರೆತಂದ ಕೂಲಿಯವನೊಬ್ಬ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಬೀಡಿ ಸೇದುತ್ತಿದ್ದಾನೆ. ಪೆಟ್ಟಿಗೆಯಿಂದ ಕಿತ್ತ ಫ್ಯೂಸುಗಳು ಒಂದು ಕಲ್ಲಿನ ಮೇಲೆ ಬಿದ್ದಿವೆ. ಅದೇ ಹಳೆಯ ತಂತಿಯಿಂದ ಪಕ್ಕದ ಹಿಟ್ಟಿನ ಗಿರಣಿಗೂ ಕರೆಂಟು. ಅಲ್ಲಿ ರಾಗಿ ಚೀಲ ಹೊತ್ತ ಹೆಂಗಸರು ಸಾಲುಗಟ್ಟಿ ಬೈಯುತ್ತಿದ್ದಾರೆ. ಹಿಟ್ಟಿನ ಗಿರಣಿಯವನು ಹೊರಗೆ ಬಂದ, “ಇನ್ನೂ ಎಷ್ಟೊತ್ತಯ್ಯಾ?” ಎಂದು ಕೂಗಿದ, ಕೂಲಿಯವನು ಭುಜ ಕುಣಿಸಿದ, ಗಿರಣಿಯವನು ಬಗ್ಗಿ ಕಲ್ಲಿನ ಮೇಲಿನ ಫ್ಯೂಸುಗಳನ್ನು ಎತ್ತಿಕೊಂಡ.

“ಮುಟ್ಬ್ಯಾಡ!”

ದೊಡ್ಡಸಿದ್ದಯ್ಯ ರಸ್ತೆ ದಾಟಿದ್ದು ಅವನಿಗೇ ಗೊತ್ತಿಲ್ಲ. ಗಿರಣಿಯವನ ಕೈಯಿಂದ ಫ್ಯೂಸುಗಳನ್ನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತ. ಕತ್ತೆತ್ತಿ ಕೂಗಿದ.

“ಲೇ ಚಲುವಾ, ಇಳೀಲಾ ಕೆಳೀಕೆ!”

“ಇಳಿಯಲ್ಲ ಮೇಸ್ತ್ರಿ,” ಮೇಲಿನಿಂದ ದನಿ ನಡುಗುತ್ತ ಬಂತು. “ಇದನ್ನ ಮುಗಿಸಿದ್ರೆ ಕಾಯಂ ಮಾಡ್ತೀನಿ ಅಂದಿದ್ದಾರೆ. ಗೋದಾ ತುಂಬಿದ ಬಸುರಿ. ಬರಿಗೈಲಿ ಅಪ್ಪನ ಮನೆ ಬಾಗಿಲಿಗೆ ನಾನು ಹೋಗಲಾರೆ.”

“ಕೆಳಗೆ ಯಾವನವ್ನೆ ಅಂತ ನೋಡ್ದೇನ್ಲಾ?”

“ನೋಡಿದೆ. ದೇವರಿದ್ದಾನೆ.”

“ದ್ಯಾವ್ರು ಬಂದು ಫ್ಯೂಸ್ ಇಡ್ಕಂಡ್ ನಿಂತ್ಕತಾನೇನ್ಲಾ, ಬೇಕೂಫ!”

ಚಲುವನಾರಾಯಣ ಇಳಿಯಲಿಲ್ಲ. ಫ್ಯೂಸು ಸೊಂಟದಲ್ಲಿಟ್ಟುಕೊಂಡೇ ಅಲ್ಲಿಂದ ಹೊರಟುಬಿಡಬಹುದಿತ್ತಲ್ಲ ಎಂದು ಆಮೇಲೆ ಬಹಳ ಜನ ಬುದ್ಧಿ ಹೇಳಿದರು. ಬುದ್ಧಿ ಹೇಳುವವರಿಗೆ ಫ್ಯೂಸಿನ ವಿಷಯ ಗೊತ್ತಿರಲಿಲ್ಲ. ಅದು ಇಲ್ಲದಿದ್ದರೆ ಗೇಣುದ್ದದ ತಂತಿಚೂರು ಸಾಕು. ಅವಸರದಲ್ಲಿದ್ದವನು ಅದನ್ನೇ ಸಿಕ್ಕಿಸಿ ಕರೆಂಟು ಕೊಡುತ್ತಾನೆ. ಕಾಯುವುದೆಂದರೆ ಫ್ಯೂಸನ್ನು ಕಾಯುವುದಲ್ಲ, ಪೆಟ್ಟಿಗೆಯನ್ನು ಕಾಯುವುದು. ಅಲ್ಲಿ ಮನುಷ್ಯನೇ ನಿಲ್ಲಬೇಕು.

ರಸ್ತೆಯ ಆಚೆಯಿಂದ ಮಹದೇವಯ್ಯ ಕೂಗಿದ: “ಸಿದ್ದಣ್ಣ, ಈಚೆ ಬಾ. ನೀನಲ್ಲಿ ನಿಂತ್ರೆ ಆ ಲೈನು ಮುಗೀತದೆ. ಅದು ಮುಗುದ್ರೆ ನಮ್ ಕತೆ ಮುಗೀತು.”

“ಗೊತ್ತು ಕಣ್ಲಾ.”

“ಗೊತ್ತಿದ್ದೂ ನಿಂತ್ಕಂಡಿದ್ದೀಯಾ?”

“ಅವ್ನು ಇಳೀಲಿ. ಬತ್ತೀನಿ.”

ಅಷ್ಟರಲ್ಲಿ ಶ್ಯಾಮಣ್ಣನವರೂ ಬಂದರು. ಮೇಸ್ತ್ರಿಯನ್ನು ಕಂಡು ಅವರ ಮುಖ ಅರಳಿತು. “ನೋಡ್ರಯ್ಯಾ, ನಿಮ್ಮ ಮೇಸ್ತ್ರಿಗೇ ಬುದ್ಧಿ ಬಂತು!” ಎಂದು ರಸ್ತೆಯ ಕಡೆ ತಿರುಗಿ ಹೇಳಿದರು. ದೊಡ್ಡಸಿದ್ದಯ್ಯನ ಮೈಯೆಲ್ಲ ಉರಿದುಹೋಯಿತು. ಆದರೂ ಅವನು ತಿರುಗಲಿಲ್ಲ. ಮೇಲಿನ ಎರಡು ಕಾಲುಗಳನ್ನೇ ನೋಡುತ್ತ ನಿಂತ. ಹೊತ್ತು ಇಳಿಯುವಾಗ ಚಲುವನಾರಾಯಣ ಇಳಿದು ಬಂದು, ಏನೋ ಹೇಳಲು ಬಾಯಿ ತೆರೆದ. ಮೇಸ್ತ್ರಿ ಫ್ಯೂಸುಗಳನ್ನು ಅವನ ಕೈಗೆ ಹಾಕಿ ರಸ್ತೆ ದಾಟಿದ. ಜೊತೆಗಾರರು ಸರಿದು ದಾರಿ ಬಿಟ್ಟರು. ಯಾರೂ ಅವನ ಜೊತೆ ನಡೆಯಲಿಲ್ಲ.

ಗಿರಣಿ ತಿರುಗಿತು, ಸಂಘದ ಕೈಲಿದ್ದ ಹಿಡಿ ಸಡಿಲಿತು. ಕೆಲವು ದಿನಗಳಲ್ಲಿ ರಾಜಿಯಾಯಿತು, ಅರ್ಧಂಬರ್ಧ ರಾಜಿ. ಕಂಬಕ್ಕೊಬ್ಬ ಬುಡ ಕಾಯುವವನನ್ನು ಕೊಡಲು ಶ್ಯಾಮಣ್ಣನವರು ಒಪ್ಪಿದರು. ಒಪ್ಪಿದ ಮಾತ್ರಕ್ಕೆ ಅವಮಾನ ನುಂಗುವವರೇ ಅವರು? ಕೆಲಸ ನಿಲ್ಲಿಸಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದ ಮಾದಯ್ಯ ಎಂಬ ಕೆಲಸಗಾರನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂದುಬಿಟ್ಟರು. ಹಟ ಹಿಡಿದು ನಿಲ್ಲಲು ಸಂಘದಲ್ಲಿ ಶಕ್ತಿ ಉಳಿದಿರಲಿಲ್ಲ. ಮಾದಯ್ಯನ ಹೆಂಡತಿ ಬಂದು, ತನ್ನ ಮನೆಯ ಒಲೆ ಆರಿಸಿದವನು ಇವನೇ ಎಂದು ಶಪಿಸಿ, ಮೇಸ್ತ್ರಿಯ ಬಾಗಿಲ ಮುಂದೆ ಮಣ್ಣು ತೂರಿ ಹೋದಳು.

ಬೆಟ್ಟಮ್ಮ ಅಂಗಳ ಗುಡಿಸಿ ಒಳಗೆ ಬಂದು ಗಂಡನ ಎದುರು ಕೂತಳು. “ಅವ್ಳಿಗೆ ಏನಾರ ಏಳ್ಬಾರ್ದಾಗಿತ್ತಾ?”

“ಏನೇಳ್ಲಿ? ಅವ್ಳ್ ಅಂದದ್ರಲ್ಲಿ ಸುಳ್ಳೇನದೆ?”

“ಅಂಗಾರೆ ಆ ಉಡುಗ ಸಾಯ್ಲಿ ಅಂತ ಬುಟ್ಟು ಬರ್ಬೇಕಾಗಿತ್ತಾ?”

ಅವನು ಗೋಡೆಗೆ ಒರಗಿ ಕೂತುಬಿಟ್ಟ. ಅವತ್ತು ಇಬ್ಬರೂ ಉಣ್ಣಲಿಲ್ಲ.

ಭಾನುವಾರ ಬೆಳಗ್ಗೆ ಮದ್ದೂರಿನ ಪೇಟೆಯಲ್ಲಿ ಖಾಲಿ ಬಿದ್ದಿದ್ದ ಬೆಲ್ಲದ ಮಂಡಿಯಲ್ಲಿ ಸಂಘ ಸೇರಿತು. ಮಹದೇವಯ್ಯ ಎದ್ದು ನಿಂತ. ಇಪ್ಪತ್ತು ವರ್ಷ ಒಂದೇ ಹಗ್ಗದ ಎರಡು ತುದಿ ಹಿಡಿದು ದುಡಿದವನ ಮುಂದೆ ಆ ಮಾತು ಆಡುವುದು ಅವನಿಗೆ ಸುಲಭವಾಗಿರಲಿಲ್ಲ. ನೆಲ ನೋಡುತ್ತ ಹೇಳಿದ: “ಆಣೆ ಎಲ್ರಿಗೂ ಗೊತ್ತದೆ. ಬುಡ ಕಾಯೋದೂ ಕೆಲ್ಸವೇ ಅಂತ ನಾವೇ ಏಳಿದ್ದು. ಸಿದ್ದಣ್ಣ ಸಂಗದಲ್ಲಿ ಇರ್ಬಾರ್ದು ಅನ್ನೋರು ಕೈ ಎತ್ತಿ.”

ಯಾರೂ ಎತ್ತಲಿಲ್ಲ. ಕೆಲಸ ಕಳೆದುಕೊಂಡ ಮಾದಯ್ಯನೂ ಎತ್ತಲಿಲ್ಲ. ಕೊನೆಗೆ ಒಂದು ಕೈ ಮೇಲೆ ಹೋಯಿತು. ಎಲ್ಲರೂ ತಿರುಗಿ ನೋಡಿದರು. ಅದು ದೊಡ್ಡಸಿದ್ದಯ್ಯನದೇ.

“ಏನ್ ಮಾವ ಇದು, ಕೈ ಕೆಳೀಕ್ ಬುಡು,” ಎಂದ ಮಾದಯ್ಯ.

“ಬುಡಕಾಗಕಿಲ್ಲ ಕಣ್ಲಾ. ದೊಡ್ಡೋನು ಅಂತ ಇವತ್ತು ನನ್ನ ಬುಟ್ರೆ, ನಾಳೆ ಒಬ್ಬೊಬ್ಬಂಗೂ ಒಂದೊಂದ್ ಕಾರಣ ಉಟ್ತದೆ. ಆಮ್ಯಾಕೆ ಶ್ಯಾಮಣ್ಣೋರು ಮಾತಾಡಂಗೇ ಇಲ್ಲ, ಸಂಗ ತಾನಾಗೇ ಉದುರೋಯ್ತದೆ. ನಿನ್ ಮನೇಲಿ ಒಲೆ ಉರೀತಿಲ್ಲ. ಅದು ನಾನ್ ನಿಂತಿದ್ಕೇಯ.”

ಬಾಗಿಲ ಹತ್ತಿರ ಕೂತಿದ್ದ ಪಟ್ಟಲಮ್ಮ ಎದ್ದಳು. ಸಭೆಯಲ್ಲಿ ಅವಳು ಅದುವರೆಗೆ ಒಂದು ಮಾತೂ ಆಡಿದವಳಲ್ಲ.

“ಕೈ ಇಳ್ಸಣ್ಣ,” ಎಂದಳು. “ಅವತ್ತು ಮಳವಳ್ಳೀಲಿ ನಿನ್ನಂಗೆ ಒಬ್ಬ ನಿಂತಿದ್ದಿದ್ರೆ ನಾನು ಈ ಸಂಗಕ್ಕೆ ಬರೋ ಗತಿಯೇ ಇರ್ತಿರ್ಲಿಲ್ಲ.”

ದೊಡ್ಡಸಿದ್ದಯ್ಯ ಅವಳ ಮುಖ ನೋಡಿದ. “ಅದ್ಕೇ ಕಣವ್ವ ನಿಂತಿದ್ದು,” ಎಂದ. ಕೈ ಮಾತ್ರ ಇಳಿಸಲಿಲ್ಲ. ಮಹದೇವಯ್ಯನ ಕಡೆ ತಿರುಗಿ, “ಎತ್ಲಾ ಮಾದೇವ. ನೀನ್ ಎತ್ತುದ್ರೆ ಇವರೂ ಎತ್ತಾರು,” ಎಂದ.

ಮಹದೇವಯ್ಯ ಎತ್ತಿದ. ಆಮೇಲೆ ಒಬ್ಬೊಬ್ಬರಾಗಿ ಎತ್ತಿದರು. ಮಾದಯ್ಯ ಎಲ್ಲರಿಗಿಂತ ಕೊನೆಗೆ, ಪಂಚೆಯ ತುದಿಯಿಂದ ಮುಖ ಮುಚ್ಚಿಕೊಂಡು ಎತ್ತಿದ. ಪಟ್ಟಲಮ್ಮ ಎತ್ತಲಿಲ್ಲ, ಎತ್ತು ಎಂದು ಅವಳಿಗೆ ಹೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಮೇಸ್ತ್ರಿ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ಮಂಡಿಯ ಜಗಲಿಯ ಕೆಳಗೆ ಚಲುವನಾರಾಯಣ ನಿಂತಿದ್ದ. ಅವನ ಕೆಲಸ ಕಾಯಂ ಆಗಿತ್ತು. ಒಳಗಿನ ಮಾತೆಲ್ಲ ಕಿವಿಗೆ ಬಿದ್ದು ಮುಖ ಬಿಳುಪೇರಿತ್ತು.

“ಎಲ್ಲರ ಮುಂದೆ ತಪ್ಪಾಯ್ತು ಅಂತ ಹೇಳಿ ಸಂಘ ಸೇರೋಣ ಅಂತ ಬಂದೆ ಮೇಸ್ತ್ರಿ. ಈಗ ಬೇಡ. ನೀವಿಲ್ಲದ ಸಂಘ ನನಗ್ಯಾಕೆ?”

“ಇದೊಳ್ಳೆ ಮಾತಾಯ್ತು. ಒಬ್ಬ ಕಮ್ಮಿ ಆಗವ್ನೆ, ನೀವೂ ಓಗ್ದೇ ಇದ್ರೆ ಇಬ್ರು ಕಮ್ಮಿ ಆಯ್ತಾರೆ. ಬೈತಾರೆ, ಬೈಸ್ಕಳಿ. ಒಳೀಕ್ ನಡೀರಿ.”

ಚಲುವನಾರಾಯಣ ಕದಲಲಿಲ್ಲ. ಮೇಸ್ತ್ರಿ ಅವನ ಎರಡೂ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿ, ಬೆನ್ನ ಮೇಲೆ ಕೈಯಿಟ್ಟು ಒಳಗೆ ದೂಡಿದ. ಒಳಗೆ ಜೋರು ಗದ್ದಲವೆದ್ದಿತು. ಆ ಗದ್ದಲ ತಣ್ಣಗಾಗಿ, ಮಹದೇವಯ್ಯ “ಕುಂತ್ಕಳಿ” ಎಂದದ್ದು ಕೇಳುವವರೆಗೂ ಮೇಸ್ತ್ರಿ ಜಗಲಿಯ ಕೆಳಗೇ ನಿಂತಿದ್ದ. ಆಮೇಲೆ ಪೇಟೆಯ ಜನ ನೋಡುತ್ತಾರೆ ಎಂಬ ನಾಚಿಕೆಯನ್ನೂ ಬಿಟ್ಟು, ಅಳುತ್ತ ಮನೆಯ ದಾರಿ ಹಿಡಿದ.